ಮರಳುಗಾಡಿನಲ್ಲಿ ಮೇಲುಕೋಟೆ ಪಂಚೆ

ಸಿಡ್ನಿಯ ಮಾನ ಕಾಪಾಡುವ ಹೊಣೆಯನ್ನು 2007ರ ಸೆಪ್ಟೆಂಬರ್ ತಿಂಗಳ ಒಂದು ಶುಕ್ರವಾರ ಸಂಜೆ ನಾನೊಬ್ಬನೇ ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ. ಹಾರ್ಬರ್ ಬ್ರಿಡ್ಜ್ ಕಟ್ಟಿದವರಿಗೂ ಅಷ್ಟು ಹುಮ್ಮಸ್ಸು ಇತ್ತೋ ಇಲ್ಲವೋ! ಚಾಟ್ಸ್‌ವುಡ್‌ನ ಆಫೀಸಿನಿಂದ ಬಂದವನೇ ಶೂ ಕೂಡ ಬಿಚ್ಚದೆ ಹಾಲ್‌ನ ನಡುವೆ ನಿಂತು ಘೋಷಿಸಿದೆ. ನಾಳೆ ಬೆಳಗ್ಗೆ ಅತ್ತೆಯವರನ್ನು ಮರಳುಗಾಡಿಗೆ ಕರೆದೊಯ್ಯುತ್ತೇನೆ, ಒಂಟೆಯ ಮೇಲೆ ಕೂರಿಸುತ್ತೇನೆ, ಆಮೇಲೆ ಕ್ವಾಡ್ ಬೈಕ್ ಎಂಬ ನಾಲ್ಕು ಚಕ್ರದ ಬೈಕಿನಲ್ಲಿ ಮರಳಿನ ದಿಬ್ಬಗಳನ್ನು ನಾನೇ ಖುದ್ದಾಗಿ ಹತ್ತಿ ಇಳಿಯುತ್ತೇನೆ, ಎಲ್ಲವೂ ಅರ್ಧ ದಿನದಲ್ಲಿ!

ನನ್ನ ಹೆಂಡತಿ ವೇದಾವತಿ ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ರೀ, ಮೈಸೂರಲ್ಲಿ ನೀವು ಮೊಪೆಡ್‌ಗೆ ಸ್ಟ್ಯಾಂಡ್ ಹಾಕೋಕೂ ಪಕ್ಕದ್ಮನೆಯವರನ್ನ ಕರೀತಿದ್ರಿ," ಎಂದಳು.

ಇಂಥ ಮಾತಿಗೆಲ್ಲ ಕುಗ್ಗುವ ಕಾಲ ಅದಾಗಿರಲಿಲ್ಲ. ಕಾರಣ ಹೇಳುತ್ತೇನೆ. ನನ್ನ ಅತ್ತೆ ಪುಟ್ಟಮ್ಮನವರು ಮಂಡ್ಯದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಟೀಚರ್ ಆಗಿದ್ದವರು. ಮಾವನವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ಅರವತ್ತನಾಲ್ಕರ ವಯಸ್ಸಿನಲ್ಲಿ, ಒಬ್ಬರೇ ವಿಮಾನ ಹತ್ತಿ ಆರು ತಿಂಗಳ ವೀಸಾದ ಮೇಲೆ ಆಸ್ಟ್ರೇಲಿಯಾಕ್ಕೆ ಬಂದಿದ್ದರು. ಮೊದಲ ಮೂರು ತಿಂಗಳು ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿ, ಕಿರಿಯ ಮಗಳು ಉಷಾಳ ಮನೆಯಲ್ಲಿ. ಆಮೇಲೆ ಹಾರ್ನ್ಸ್‌ಬಿಯ ನಮ್ಮ ಮನೆಯಲ್ಲಿ. ನಮ್ಮಲ್ಲಿ ಒಂದು ತಿಂಗಳು ಕಳೆಯುವಷ್ಟರಲ್ಲಿ ಉಷಾಳ ಗಂಡ, ಅಂದರೆ ನನ್ನ ಷಡ್ಡಕ ಸುಘೋಷ್, ಫೋನ್ ಮಾಡಿ, ಅತ್ತೆ, ಇಲ್ಲಿ ಬೆಟ್ಟದ ಮೇಲೆ ಇನ್ನೂ ಹಿಮ ಇದೆ, ಮುಂದಿನ ವಾರ ಬಂದುಬಿಡಿ, ಉಳಿದ ಎರಡು ತಿಂಗಳು ಇಲ್ಲೇ ಇರಿ ಎಂದು ಗಾಳ ಹಾಕಿದ್ದ. ಭಾನುವಾರ ಹೇಳುತ್ತೇನೆ ಎಂದಿದ್ದರು ಅತ್ತೆ.

ಷಡ್ಡಕರ ಪೈಪೋಟಿ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. ಸುಘೋಷ್ ಆಗಲೇ ಪೆಂಗ್ವಿನ್ ತೋರಿಸಿದ್ದ, ಹೊಗೆ ಉಗುಳುವ ಹಳೇ ರೈಲು ಹತ್ತಿಸಿದ್ದ, ಕಡಲಂಚಿನ ದಾರಿಯಲ್ಲಿ ಮುನ್ನೂರು ಕಿಲೋಮೀಟರ್ ಕಾರು ಓಡಿಸಿದ್ದ. ನಾನು ಇದುವರೆಗೆ ತೋರಿಸಿದ್ದು ಆಪರಾ ಹೌಸ್ ಮತ್ತು ಎರಡು ಇಂಡಿಯನ್ ಅಂಗಡಿ. ಆದರೆ ಬರೀ ಪೈಪೋಟಿಯೂ ಅಲ್ಲ, ನಿಜ ಹೇಳಿಬಿಡುತ್ತೇನೆ. ಅತ್ತೆ ಬಂದ ಮೇಲೆ ವೇದಾ ಮನೆಯಲ್ಲಿ ಹಾಡು ಗುನುಗುತ್ತಿದ್ದಳು. ನನ್ನ ಎಲ್ಲ ಪ್ಯಾಂಟುಗಳೂ ಮೊದಲ ಸಲ ನನ್ನ ಅಳತೆಗೆ ಬಂದಿದ್ದವು. ಸಂಜೆ ಬಾಗಿಲು ತೆರೆದರೆ ಒಗ್ಗರಣೆಯ ವಾಸನೆ ಬರುತ್ತಿತ್ತು. ಆಕೆ ಹೋಗುವುದು ನನಗೆ ಸುತರಾಂ ಬೇಡವಾಗಿತ್ತು.

ಮರಳುಗಾಡಿಗೆ ಹೋಗುವವನ ತಲೆಯ ಮೇಲೆ ಏನಾದರೂ ಇರಬೇಡವೇ? ಬೇಸ್‌ಬಾಲ್ ಟೋಪಿ ಹಾಕಿಕೊಂಡು ಒಂಟೆಯ ಮೇಲೆ ಕೂತರೆ ಫೋಟೋಗೆ ಘನತೆ ಎಲ್ಲಿಂದ ಬರಬೇಕು? ಬೆಳಗಿನ ಜಾವ ಎದ್ದು, ಬೀರುವಿನ ಮೇಲಿನ ಸೂಟ್‌ಕೇಸ್ ಸದ್ದಿಲ್ಲದೆ ಇಳಿಸಿ, ಧಾರೆಯ ದಿನ ಉಟ್ಟಿದ್ದ ಜರಿ ಪಂಚೆ ಹೊರತೆಗೆದೆ. ಒಂಬತ್ತು ಮೊಳದ ಮೇಲುಕೋಟೆ ಪಂಚೆ. ಮಾವನವರು ಸ್ವತಃ ಮಗ್ಗದವರ ಮನೆಗೆ ಹೋಗಿ, ಅಂಚು ಇಷ್ಟೇ ಅಗಲ ಇರಬೇಕೆಂದು ಹೇಳಿ ನೇಯಿಸಿದ್ದು. ಅದನ್ನು ಬ್ಯಾಗಿನ ತಳಕ್ಕೆ ತುರುಕಿ ಮೇಲೆ ಪುಳಿಯೋಗರೆ ಡಬ್ಬ ಇಟ್ಟೆ. ಪೇಟ ಸುತ್ತಿಕೊಂಡು ನಿಂತ ನನ್ನನ್ನು ನೋಡಿದ ಕೂಡಲೇ ಅತ್ತೆಯವರ ಕಣ್ಣು ತುಂಬಿ ಬರುವ ದೃಶ್ಯವನ್ನು ಕಾರು ಓಡಿಸುತ್ತಲೇ ಏಳೆಂಟು ಸಲ ನೋಡಿದೆ.

ಉತ್ತರಕ್ಕೆ ಎರಡೂವರೆ ಗಂಟೆ ಹೋದರೆ ಆನಾ ಬೇ. ಅಲ್ಲಿ ಸಮುದ್ರದ ಪಕ್ಕದಲ್ಲೇ ಮೂವತ್ತು ಕಿಲೋಮೀಟರ್ ಉದ್ದಕ್ಕೆ ಮರಳಿನ ದಿಬ್ಬಗಳು. ಕಾರಿನಿಂದ ಇಳಿದ ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದರು. ಒಂದು ಕಡೆ ನೀರು, ಇನ್ನೊಂದು ಕಡೆ ಮರಳು, ಎರಡಕ್ಕೂ ಕೊನೆಯೇ ಕಾಣುತ್ತಿರಲಿಲ್ಲ. ನಾನು ಮೆಲ್ಬರ್ನ್ ದಿಕ್ಕಿಗೆ ತಿರುಗಿ ಒಂದು ಸಣ್ಣ ನಗೆ ನಕ್ಕೆ.

ಅತ್ತೆ ಟಾಯ್ಲೆಟ್ಟಿಗೆ ಹೋಗಿ ಬಂದಾಗ ಬೇರೆಯೇ ವ್ಯಕ್ತಿಯಾಗಿದ್ದರು. ಒಳಗೆ ಮಗಳ ಟ್ರ್ಯಾಕ್ ಪ್ಯಾಂಟು, ಮೇಲೆ ಕಚ್ಚೆ ಹಾಕಿ ಬಿಗಿದ ನೂಲಿನ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ. ಸೀರೆಯ ಒಂದೇ ಒಂದು ಎಳೆ ಗಾಳಿಗೆ ಅಲುಗುತ್ತಿರಲಿಲ್ಲ. ಅದೇ ಸಮಯಕ್ಕೆ ನಾನು ಕಾರಿನ ಹಿಂದಿನಿಂದ ಪೇಟಧಾರಿಯಾಗಿ ಪ್ರತ್ಯಕ್ಷನಾದೆ. ಎದೆಯುಬ್ಬಿಸಿ ನಿಂತೆ. ಪೇಟದ ಜರಿ ಅಂಚಿನ ತುದಿ ಬೆನ್ನ ಮೇಲೆ ಮಾರುದ್ದ ಹಾರಾಡುತ್ತಿತ್ತು.

ವೇದಾ ಗುರುತು ಹಿಡಿದುಬಿಟ್ಟಳು. "ಅದು ಧಾರೆ ಪಂಚೆ ಅಲ್ವಾ?"

ಅತ್ತೆ ಮಾತ್ರ ಪೇಟವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ತುದಿ ಒಳಗೆ ಸಿಕ್ಕಿಸಿಕೊಳ್ಳಿ ಎಂದಷ್ಟೇ ಹೇಳಿದರು. ಒಳಗೆ ಸಿಕ್ಕಿಸಿದರೆ ಫೋಟೋದಲ್ಲಿ ಜರಿ ಕಾಣುವುದು ಹೇಗೆ? ನಾನು ತಲೆಯಾಡಿಸಿ ಹಾಗೇ ಬಿಟ್ಟೆ.

ಒಂಟೆಗಳನ್ನು ಸಾಲಾಗಿ ಹಗ್ಗದಲ್ಲಿ ಕಟ್ಟಿ ಕೂರಿಸಿದ್ದರು. ಮೊದಲನೆಯದರ ಮೇಲೆ ಅತ್ತೆ ಮತ್ತು ವೇದಾ, ಎರಡನೆಯದರ ಮೇಲೆ ನಾನು, ಮೂರನೆಯದು ಹ್ಯಾರಿ ಎಂಬ ಹೆಸರಿನ, ಸದಾ ಏನನ್ನೋ ಮೆಲ್ಲುತ್ತಿದ್ದ ಪ್ರಾಣಿ. ಒಂಟೆ ಮೊದಲು ಹಿಂಗಾಲು ಎತ್ತುತ್ತದೆ, ಆಗ ನೀವು ಹಿಂದಕ್ಕೆ ವಾಲಿಕೊಳ್ಳಬೇಕು ಎಂದು ಗೈಡ್ ಡಗ್ ವಿವರಿಸಿದ. ಅವನು ಕೆಂಪು ಗಡ್ಡದ, ಆನೆಯಂಥ ಆಳು. ಅತ್ತೆ ಗಮನವಿಟ್ಟು ಕೇಳಿದರು, ಹಿಂದಕ್ಕೆ ವಾಲಿದರು, ಅಂಬಾರಿಯಲ್ಲಿ ಕೂತವರ ಗಾಂಭೀರ್ಯದಿಂದ ಮೇಲೇರಿದರು. ನಾನು ಆ ಹೊತ್ತಿನಲ್ಲಿ ಕ್ಯಾಮೆರಾಕ್ಕೆ ಮುಖ ಕೊಡುತ್ತಿದ್ದೆ. ಒಂಟೆ ಎದ್ದಿತು! ನಾನು ಮುಂದಕ್ಕೆ ಮುಗ್ಗರಿಸಿ ಅದರ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡೆ. ಅಷ್ಟು ಗಾಢವಾಗಿ ನಾನು ಮದುವೆಯಾದ ಹೊಸತರಲ್ಲೂ ಯಾರನ್ನೂ ತಬ್ಬಿದ್ದಿಲ್ಲ ಎಂದು ವೇದಾ ಇಂದಿಗೂ ಹೇಳುತ್ತಾಳೆ.

ಹತ್ತು ನಿಮಿಷ ಸುಖವಾಗಿ ಸಾಗಿತು. ಆಮೇಲೆ ತಲೆ ಹಗುರವಾಗತೊಡಗಿತು. ಸಮುದ್ರದ ಗಾಳಿಯ ಪ್ರಭಾವ ಎಂದುಕೊಂಡೆ. ಪೇಟ ಒಂದೊಂದೇ ಸುತ್ತು ಬಿಚ್ಚಿಕೊಂಡು ಹಿಂದಕ್ಕೆ ಹೋಗುತ್ತಿದೆಯೆಂದು ಹೊಳೆದಾಗ ತಿರುಗಿ ನೋಡಿದೆ. ಹ್ಯಾರಿ ಕಣ್ಣು ಅರ್ಧ ಮುಚ್ಚಿ ಜರಿ ಅಂಚನ್ನು ನಿಧಾನವಾಗಿ ಸವಿಯುತ್ತಿದ್ದ! ನಾನು ಈ ತುದಿ ಎಳೆದೆ, ಅವನು ಆ ತುದಿ ಎಳೆದ. ಡಗ್ ಓಡಿ ಬಂದು ಬಾಯಿ ಬಿಡಿಸಿ ಕೊಟ್ಟಾಗ ಒಂದು ಗೇಣು ಪಂಚೆ ಜೊಲ್ಲಿನಲ್ಲಿ ನೆನೆದು ಹೋಗಿತ್ತು.

ಅಲ್ಲಿಗೇ ಮಡಿಸಿ ಬ್ಯಾಗಿಗೆ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅತಿ ಎತ್ತರದ ದಿಬ್ಬದ ನೆತ್ತಿಯ ಮೇಲೆ, ಕ್ವಾಡ್ ಬೈಕಿನ ಪಕ್ಕದಲ್ಲಿ, ಪೇಟ ಸುತ್ತಿಕೊಂಡ ಒಂದು ಫೋಟೋ ನನಗೆ ಬೇಕೇ ಬೇಕಾಗಿತ್ತು. ಸುಘೋಷ್‌ಗೆ ಇಮೇಲ್ ಮಾಡಲು. ಬೈಕಿಗೆ ಹೆಲ್ಮೆಟ್ ಕಡ್ಡಾಯ, ತಲೆಯ ಮೇಲೆ ಜಾಗವಿಲ್ಲ. ಮೈಮೇಲೆ ಸಡಿಲವಾದ ಬಟ್ಟೆ ಏನೂ ಇರಬಾರದೆಂದು ಡಗ್ ಎರಡು ಸಲ ಹೇಳಿದ. ಆಫೀಸಿನ ಮೀಟಿಂಗ್‌ಗಳಲ್ಲಿ ಆಡಿಸುವ ಹಾಗೆಯೇ ತಲೆಯಾಡಿಸಿದೆ. ಆಮೇಲೆ ಕಾರಿನ ಮರೆಗೆ ಹೋಗಿ ಜಾಕೆಟ್ಟಿನೊಳಗೆ ಒಂಬತ್ತು ಮೊಳವನ್ನೂ ಸೊಂಟಕ್ಕೆ ಸುತ್ತಿ ಗಂಟು ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಆರು ತಿಂಗಳ ಬಸುರಿಯಂತೆ ಕಂಡೆ, ಇರಲಿ.

ಅತ್ತೆಯವರು ಡಗ್‌ನ ಬೈಕಿನಲ್ಲಿ ಅವನ ಹಿಂದೆ ಕೂತರು. ವೇದಾ ತನ್ನ ಬೈಕಿನಲ್ಲಿ ಎರಡನೆಯವಳು. ಸಾಲಿನ ಕೊನೆಯಲ್ಲಿ ನಾನು. ಮೊದಲ ದಿಬ್ಬ ಹತ್ತಿದೆ! ನನ್ನ ಬಾಯಿಂದ ಯಾವುದೋ ವಿಜಯದ ಕೂಗು ಹೊರಟಿತು. ಎರಡನೆಯ ದಿಬ್ಬದ ಅರ್ಧಕ್ಕೆ ಬಂದಾಗ ಸೊಂಟ ಬಿಗಿಯಾದಂತಾಯಿತು. ಮರುಕ್ಷಣ ಯಾರೋ ಹಿಂದಿನಿಂದ ಹಿಡಿದು ಸೀಟಿಗೆ ಕುಕ್ಕರಿಸಿದಂತಾಗಿ ಬೈಕು ಗಕ್ಕನೆ ನಿಂತಿತು. ಜಾಕೆಟ್ಟಿನ ಕೆಳಗಿನಿಂದ ಜಾರಿದ ಪಂಚೆಯ ತುದಿ ಹಿಂದಿನ ಚಕ್ರಗಳ ನಡುವಿನ ಆಕ್ಸಲ್‌ಗೆ ಸುತ್ತಿಕೊಂಡಿತ್ತು. ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ತುದಿ ನನಗೆ. ಏಳಲಾರೆ, ಬಗ್ಗಲಾರೆ. ಗಂಟು ಕಲ್ಲಾಗಿತ್ತು.

ಡಗ್ ಅತ್ತೆಯವರೊಂದಿಗೆ ಹಿಂತಿರುಗಿ ಬಂದ, ಹಿಂದೆಯೇ ವೇದಾ. ನನ್ನ ಜಾಕೆಟ್ ಎತ್ತಿ ನೋಡಿದ. ಇಪ್ಪತ್ತು ವರ್ಷದಲ್ಲಿ ಬೈಕಿಗೆ ತನ್ನನ್ನು ತಾನೇ ಕಟ್ಟಿಕೊಂಡು ಬಂದವನನ್ನು ನೋಡಿರಲಿಲ್ಲವಂತೆ. ಬಟ್ಟೆಯನ್ನು ಜಗ್ಗಿದ, ಇನ್ನಷ್ಟು ಬಿಗಿಯಾಯಿತು. ಕೊನೆಗೆ ಜೇಬಿನಿಂದ ಚಾಕು ತೆಗೆದ. ಆಗ ನನಗೆ ನಿಜವಾಗಿಯೂ ಅಳು ಬಂತು. ಮಾವನವರು ನೇಯಿಸಿದ ಪಂಚೆ, ಅದೂ ಅತ್ತೆಯವರ ಕಣ್ಣೆದುರಿಗೆ! ಒಗ್ಗರಣೆ, ವೇದಾಳ ಹಾಡು, ಉಳಿದ ಎರಡು ತಿಂಗಳು, ಎಲ್ಲವೂ ಮೆಲ್ಬರ್ನ್‌ಗೆ ಹೊರಟುಹೋದವೆಂದು ಗೊತ್ತಾಯಿತು.

"ನೋ ಕಟ್," ಎಂದು ಒಂದು ದನಿ ಕೇಳಿತು.

ಮೂವತ್ತೊಂದು ವರ್ಷ ಹೆಣ್ಣುಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿದ ದನಿ ಅದು. ಡಗ್‌ನ ಕೈ ಅಲ್ಲೇ ನಿಂತಿತು. ಅತ್ತೆ ಹೆಲ್ಮೆಟ್ ತೆಗೆದು ವೇದಾಳ ಕೈಗೆ ಕೊಟ್ಟು, ಮರಳಿನ ಮೇಲೆ ಮಂಡಿಯೂರಿ, ಬೈಕಿನ ಕೆಳಗೆ ಬಗ್ಗಿ ನೋಡಿದರು. ಹೊಲಿಗೆ ಯಂತ್ರದ ಬಾಬಿನ್‌ಗೆ ದಾರ ಸಿಕ್ಕಿಹಾಕಿಕೊಂಡರೆ ಇದೇ ಗತಿ, ಎಳೆದಷ್ಟೂ ಕಗ್ಗಂಟು, ಗಾಲಿಯನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿದರೆ ತಾನೇ ಬಿಡುತ್ತದೆ ಎಂದು ನಮಗೆ ಕನ್ನಡದಲ್ಲಿ ಪಾಠ ಮಾಡಿದರು. ಡಗ್‌ಗೆ ಮೂರೇ ಪದ ಸಾಕಾದವು.

"ಲಿಫ್ಟ್. ರಿವರ್ಸ್. ಸ್ಲೋ."

ಡಗ್ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ನನ್ನನ್ನೂ ಸೇರಿಸಿ ಬೈಕಿನ ಹಿಂಭಾಗವನ್ನು ಎತ್ತಿ ಹಿಡಿದ. ವೇದಾ ಚಕ್ರವನ್ನು ಹಿಂದಕ್ಕೆ ತಿರುಗಿಸಿದಳು. ಅತ್ತೆ ಎರಡು ಬೆರಳಲ್ಲಿ ಬಟ್ಟೆಯನ್ನು ಸವರಿ ಸವರಿ ಬಿಡಿಸಿದರು, ಒಂದು ಸಲವೂ ಜಗ್ಗಲಿಲ್ಲ. ಸುತ್ತು ಸುತ್ತಾಗಿ ಒಂಬತ್ತು ಮೊಳ ಹೊರಬಂತು, ನನ್ನ ಸೊಂಟದ ಗಂಟೂ ಸಡಿಲವಾಗಿ ಬಿಚ್ಚಿತು. ಗ್ರೀಸಿನ ಕಪ್ಪು ಕಲೆ, ಅಂಚಿನಲ್ಲಿ ಒಂದು ಗೇಣು ಹರಿದಿತ್ತು, ಅಷ್ಟೇ. ಡಗ್ ಬೈಕನ್ನು ಕೆಳಗಿಳಿಸಿ, ಟೋಪಿ ತೆಗೆಯುವಂತೆ ಹೆಲ್ಮೆಟ್ ತೆಗೆದು ಅತ್ತೆಯವರಿಗೆ ತಲೆಬಾಗಿದ. ಸೋಮವಾರದಿಂದ ವರ್ಕ್‌ಶಾಪಿಗೆ ಬರುತ್ತೀರಾ ಎಂದು ಕೇಳಿದ.

ನಾನು ತಲೆ ತಗ್ಗಿಸಿ ನಿಂತಿದ್ದೆ. ತಪ್ಪಾಯ್ತು ಎಂದೆ. ಅತ್ತೆ ಪಂಚೆಯನ್ನು ಕೊಡವಿ ನಾಲ್ಕು ಮಡಿಕೆ ಮಾಡಿದರು. ಅಂಚಿನ ಮೇಲೆ ಒಮ್ಮೆ ಕೈಯಾಡಿಸಿದರು.

"ಅವರು ಇದ್ದಿದ್ರೆ, ಇವತ್ತಿಂದು ನೋಡಿ ಒಂದು ವಾರ ನಗ್ತಿದ್ರು," ಎಂದರು. ಆಕೆಯ ಕಣ್ಣು ತುಂಬಿತ್ತು, ನಗುತ್ತಲೂ ಇದ್ದರು.

ಆಮೇಲೆ ಡಗ್ ಅವರನ್ನು ಅತಿ ಎತ್ತರದ ದಿಬ್ಬಕ್ಕೆ ಕರೆದೊಯ್ದ. ನನ್ನ ಬೈಕನ್ನು ಜಪ್ತಿ ಮಾಡಲಾಗಿತ್ತು. ಕೆಳಗೆ ಮರಳಿನಲ್ಲಿ ಪಂಚೆ ತೊಡೆಯ ಮೇಲಿಟ್ಟುಕೊಂಡು ಕೂತು ಮೇಲೆ ನೋಡಿದೆ. ಸೆರಗು ಬಿಗಿದು, ಸೊಂಟದ ಮೇಲೆ ಕೈಯಿಟ್ಟು, ಅತ್ತೆ ನೆತ್ತಿಯ ಮೇಲೆ ನಿಂತು ಸಮುದ್ರ ನೋಡುತ್ತಿದ್ದರು. ಮಂಡ್ಯದಿಂದ ಒಬ್ಬರೇ ಹೊರಟು, ಯಾರ ಭಾಷೆಯೂ ಸರಿಯಾಗಿ ಬಾರದ ಜಾಗದಲ್ಲಿ, ಹೋದವರ ದುಃಖ ಒಳಗಿಟ್ಟುಕೊಂಡು, ಒಂಟೆಗೂ ಹೆದರದೆ ಬೈಕಿಗೂ ಹೆದರದೆ ನಿಂತ ಹೆಂಗಸು. ನನಗೆ ಹೆಮ್ಮೆಯಾಯಿತು. ಫೋಟೋ ತೆಗೆದೆ, ಅದರಲ್ಲಿ ನಾನಿಲ್ಲ, ಆ ದಿನದ ಒಳ್ಳೆಯ ಫೋಟೋ ಅದೊಂದೇ.

ಭಾನುವಾರ ಬೆಳಗ್ಗೆ ಸುಘೋಷ್‌ನ ಫೋನ್ ಬಂತು. ವೇದಾ ಸ್ಪೀಕರ್ ಹಾಕಿದಳು. ಪಂಚೆಯ ವಿಷಯ ಎತ್ತಬೇಡಿ ಎಂದು ನಾನು ಕೈಮುಗಿದೆ. ಅತ್ತೆ ಎತ್ತಲಿಲ್ಲ! ಮರಳು ಚೆನ್ನಾಗಿತ್ತು, ಒಂಟೆ ಸಾಧುವಾಗಿತ್ತು, ಅಳಿಯಂದಿರು ಬಹಳ ಶ್ರಮಪಟ್ಟರು ಎಂದರು. ಹಾಗಾದರೆ ಮೆಲ್ಬರ್ನ್‌ಗೆ ಯಾವತ್ತು ಟಿಕೆಟ್ ಬುಕ್ ಮಾಡಲಿ ಎಂದು ಸುಘೋಷ್ ಕೇಳಿದ. ನಾನು ಫೋನಿನ ಹತ್ತಿರಕ್ಕೆ ಸರಿದೆ.

"ಬೇಡಪ್ಪ. ಉಳಿದ ಎರಡು ತಿಂಗಳೂ ನಾನು ಇಲ್ಲೇ ಇರ್ತೀನಿ," ಎಂದರು ಅತ್ತೆ.

ಗೆದ್ದೆ! ಸಿಡ್ನಿ ಗೆದ್ದಿತು! ನಾನು ಸದ್ದಿಲ್ಲದೆ ಎರಡೂ ಮುಷ್ಟಿ ಮೇಲೆತ್ತಿ ಹಾಲ್‌ನಲ್ಲಿ ಒಂದು ಸುತ್ತು ಕುಣಿದೆ. ಆ ಕಡೆಯಿಂದ ಸುಘೋಷ್ ನೊಂದ ದನಿಯಲ್ಲಿ, ತಾನೇನು ಕಡಿಮೆ ಮಾಡಿದೆ ಎಂದು ಕೇಳಿದ.

"ನೀವೇನೂ ಕಮ್ಮಿ ಮಾಡ್ಲಿಲ್ಲ. ನಿಮ್ಮನ್ನ ಉಷಾ ಒಬ್ಬಳೇ ಸಂಭಾಳಿಸ್ತಾಳೆ. ಇಲ್ಲಿ ವೇದಾ ಒಬ್ಬಳ ಕೈಲಿ ಆಗಲ್ಲ."

ನನ್ನ ಮುಷ್ಟಿ ಮೇಲೆಯೇ ಉಳಿಯಿತು.

"ಅದೂ ನಿಜ ಅತ್ತೆ," ಎಂದ ಸುಘೋಷ್.

ಷಡ್ಡಕರಾದ ಎಂಟು ವರ್ಷಗಳಲ್ಲಿ ಮೊದಲ ಸಲ, ಅವನ ಮಾತಿಗೆ ನಾನು ಮುಷ್ಟಿ ಇಳಿಸಿ ತಲೆಯಾಡಿಸಿದೆ.