ಚತುರನ ಅಸಲಿ ಧಣಿ

ಗದಗಿನ ಗುರುಪಾದಪ್ಪನಿಗೆ ಊರಿಗೆ ಊರೇ ಕಳ್ಳರ ಸಂತೆಯಾಗಿ ಕಾಣುತ್ತಿತ್ತು. ತಾನು ಕಂಡುಹಿಡಿದ ಮಾತಾಡುವ ಕಂಪ್ಯೂಟರ್ ‘ಚತುರ’ನನ್ನು ಯಾರಾದರೂ ನಕಲು ಹೊಡೆದಾರೆಂದು ಕಿಟಕಿಗೂ ಕೀಲಿ ಜಡಿದಿದ್ದ. ಕಂಡುಹಿಡಿದದ್ದೇನೋ ಅವನೇ. ಆದರೆ ಆರಾಮಕುರ್ಚಿಯಲ್ಲಿ ಚಹಾ ಕುಡಿಯುತ್ತ “ಆ ತಂತಿ ಇಲ್ಲಿ ಹಚ್ಚು” ಎನ್ನುವಲ್ಲಿಗೆ ಅವನ ದುಡಿಮೆ ಮುಗಿಯುತ್ತಿತ್ತು. ಹಚ್ಚುವವಳು ಹೆಂಡತಿ ನೀಲಾಂಬಿಕೆ. ತಿಂಗಳಿಗೆ ಚತುರನಂಥ ನಾಲ್ಕೇ ಪೆಟ್ಟಿಗೆ ಆಗುತ್ತಿದ್ದವು. ಶಾಲೆಗಳು ಕೇಳಿದ್ದು ಅರವತ್ತು. ಬೆಸುಗೆಯ ಹೊಗೆಗೆ ಅವಳ ಕಣ್ಣು ಮಂಜಾಗುತ್ತ ಬಂದಿತ್ತು.

ಹೀಗಿರುವಾಗ ಬೆಟಗೇರಿಯಲ್ಲಿ ರೇಡಿಯೊ ರಿಪೇರಿ ಮಾಡುವ ಖಾದರ್‌ಸಾಬ್ ಲೈಸೆನ್ಸ್ ಕೇಳಿಕೊಂಡು ಬಂದ. ಕೈಚೀಲದಲ್ಲಿ ತಾನೇ ಮಾಡಿದ ಒಂದು ಮಾದರಿಯೂ ಇತ್ತು.

“ನಿಮ್ಮ ಚತುರನ್ನ ನಾನೂ ಮಾಡ್ತೀನ್ರಿ ಸಾಹುಕಾರ್ರ. ಹೆಸರು ನಿಮ್ದ ಇರಲಿ.”

“ಕೊಟ್ಟುಬಿಡ್ರಿ. ನನ್ನ ಕಣ್ಣರ ಉಳೀತಾವು,” ಎಂದಳು ನೀಲಾಂಬಿಕೆ.

“ಇವತ್ತ ಲೈಸೆನ್ಸ್ ಕೇಳಾಂವ ನಾಳೆ ನಾನ ಅಸಲಿ ಅಂತಾನ. ನಕಲಿ ಹಿಡಿಯೋ ವಿದ್ಯಾ ಚತುರಗ ಕಲಿಸೀನಿ, ನೋಡ್ರಿ ಮಜಾ!” ಎಂದು ಗುರುಪಾದಪ್ಪ ಗುಂಡಿ ಒತ್ತಿದ.

“ಸಾಬರ ಪೆಟ್ಟಿಗೆ ನಕಲಿ,” ಎಂದ ಚತುರ. ಸಾಬ ಮೇಜಿನ ಮೇಲಿಟ್ಟಿದ್ದ ಮಾದರಿ ತಟ್ಟನೆ ಆರಿಹೋಯಿತು. ಗುರುಪಾದಪ್ಪ ಮೀಸೆ ತಿರುವಿದ.

ಚತುರ ಅಲ್ಲಿಗೆ ಬಿಡಲಿಲ್ಲ. ಮೇಜಿನ ಮೇಲಿದ್ದ ಮನೆಯ ನಾಲ್ಕು ಪೆಟ್ಟಿಗೆಗಳೂ ಒಂದರಂತೆ ಒಂದಿವೆ, ಎಲ್ಲವೂ ನಕಲಿಯೆಂದು ಬಂದ್ ಮಾಡಿದ. ಊರಿನ ಶಾಲೆಗಳಲ್ಲಿದ್ದವೂ ಬಂದಾದವೆಂದು ಫೋನಿನ ಮೇಲೆ ಫೋನು ಬಂದವು. ಆಮೇಲೆ ಗೋಡೆಯ ಮೇಲಿದ್ದ ಅಜ್ಜನ ಫೋಟೊ ನೋಡಿ, “ಅದೇ ಮೂಗು, ಅದೇ ಮೀಸೆ. ಅಜ್ಜ ಅಸಲಿ, ಗುರುಪಾದಪ್ಪ ನಕಲಿ” ಎಂದ.

“ಸಾಕು, ನಿಲ್ಲಸೋ!” ಎಂದು ಗುರುಪಾದಪ್ಪ ಚೀರಿದ.

“ನಿಲ್ಲಿಸಲು ತಯಾರಿಸಿದವರ ಹೆಬ್ಬೆಟ್ಟು ಬೇಕು.”

ಗುರುಪಾದಪ್ಪ ಒತ್ತಿದ. “ನಕಲಿ,” ಎಂದ ಚತುರ.

ಗುರುಪಾದಪ್ಪ ಹೆಂಡತಿಯತ್ತ ಅನುಮಾನದಿಂದ ತಿರುಗಿದ. “ಮೊದಲನೇ ದಿನ, ಮಾಡಿದವ್ರ ಹೆಸರು ಚತುರಗ ಹೇಳು ಅಂದಿದ್ದೆ. ಯಾರ ಹೆಸರು ಹೇಳೀದಿ?”

“ಗಂಡನ ಹೆಸರು ಬಾಯಿಲೆ ಹೆಂಗ ಹೇಳ್ಲಿ? ಖಾಲಿ ಬಿಟ್ಟೆ.”

“ಖಾಲಿ ಜಾಗವನ್ನು ಬೆರಳಚ್ಚು ನೋಡಿ ತುಂಬಿಕೊಂಡೆ,” ಎಂದ ಚತುರ. “ಒಳಗೆ ಹನ್ನೆರಡು ಸಾವಿರ ಗುರುತುಗಳಿವೆ, ಎಲ್ಲವೂ ಅಮ್ಮನವು. ಯಜಮಾನರದು ಮುಚ್ಚಳದ ಮೇಲಿನ ಚಹಾದ ಕಲೆ ಮಾತ್ರ.”

ನೀಲಾಂಬಿಕೆಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಇಷ್ಟು ವರ್ಷ ಯಾರೂ ಲೆಕ್ಕಕ್ಕಿಡದ ಕೈಗಳನ್ನು ಈ ಪೆಟ್ಟಿಗೆಯಾದರೂ ಗುರುತಿಸಿತ್ತು. ಸೆರಗಿನಲ್ಲಿ ಬೆರಳು ಒರೆಸಿ ಒತ್ತಿದಳು. ಪೆಟ್ಟಿಗೆಗಳೆಲ್ಲ ಎದ್ದು ಕೂತವು, ಸಾಬನದೂ.

ಅವಳು ಸಾಬ ತಂದಿದ್ದ ಲೈಸೆನ್ಸ್ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಸಂಶಯದಿಂದಲೇ ಎರಡು ಸಲ ಓದಿ ರುಜು ಹಾಕಿದಳು.

“ಅಕ್ಕಾರ, ಪೆಟ್ಟಿಗಿ ಮ್ಯಾಲೆ ಯಾರ ಹೆಸರು ಹಾಕ್ಲಿ?” ಎಂದ ಖಾದರ್‌ಸಾಬ್.

ಗುರುಪಾದಪ್ಪ ಕೆಮ್ಮಿದ. “ನಂದು ಹೇಳು.”

“ಹೇಳಬಾರದಲ್ರಿ,” ಎಂದಳು ನೀಲಾಂಬಿಕೆ. “ನನ್ನ ಹೆಸರಿಗೇನೂ ಮಡಿ ಇಲ್ಲ. ಅದನ್ನ ಹಾಕ್ರಿ ಸಾಬ್ರ.”