ತಾಳಿ ಕಾಣ್ತದಾ?

ಬೇರೆಯವರ ಕೆಲಸದಲ್ಲಿ ಎಡವಟ್ಟು ಯಾವಾಗಲಾದರೂ ಒಮ್ಮೆ ಆಗುತ್ತದೆ. ನನ್ನ ಕೆಲಸದಲ್ಲಿ ಅದು ನನಗಿಂತ ಮೊದಲೇ ಮಂಟಪಕ್ಕೆ ಬಂದು, ಟಿಫನ್ ಮುಗಿಸಿ, ನನಗಾಗಿ ಕಾಯುತ್ತಿರುತ್ತದೆ.

ಕೊಯಮತ್ತೂರು, ತಿರುಪ್ಪೂರು ಸುತ್ತಮುತ್ತ ಮದುವೆ ವಿಡಿಯೊ ತೆಗೆಯುವುದು ನನ್ನ ವೃತ್ತಿ. ಯಾರ ಕೈಕೆಳಗೂ ಇಲ್ಲ. ಕ್ಯಾಮೆರಾ ಹಿಡಿಯುವುದನ್ನು ಯಾರೂ ಕಲಿಸಲಿಲ್ಲ. ಕನ್ನಡ ಓದು ಬರಹವೂ ಹಾಗೇ. ನಮ್ಮ ಮನೆಯಲ್ಲಿ ಕನ್ನಡದ ಮಾತಿತ್ತು, ಅಕ್ಷರ ಇರಲಿಲ್ಲ. ಅದನ್ನೂ ಹಟ ಹಿಡಿದು ನಾನೇ ಕಲಿತೆ. ಆದರೆ ನಮ್ಮಮ್ಮನ ಲೆಕ್ಕದಲ್ಲಿ ವಿಡಿಯೊ ತೆಗೆಯುವುದು ಕೆಲಸವೇ ಅಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಮಾಡುವುದು ಕೆಲಸ.

ದಿನಾ ಜಗಳವಾಡಿ ಸಾಕಾಗಿ ಒಂದು ದಿನ ಅಮ್ಮ ಅಂದಳು: "ತಾಳಿ ಕಟ್ಟೋದು, ಮೂರು ಗಂಟೂ, ಯಾರೂ ಅಡ್ಡ ಇಲ್ಲದೆ ಕಾಣೋ ಹಂಗೆ ಒಂದೇ ಒಂದು ವಿಡಿಯೊ ತಂದು ತೋರ್ಸು. ಆಮೇಲೆ ನಾನು ಬನಿಯನ್ ಕಂಪನಿ ಮಾತೆತ್ತಿದ್ರೆ ಕೇಳು."

ಇಷ್ಟೇನಾ ಅಂದುಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಗಟ್ಟಿಮೇಳ ಮೊಳಗಿದ್ದೇ ತಡ, ಇಡೀ ಮಂಟಪ ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ನನ್ನ ಲೆನ್ಸಿನ ಮುಂದೆ ಬಂದು ನಿಲ್ಲುತ್ತದೆ. ಎರಡು ಜಿಲ್ಲೆಗಳ ದೊಡ್ಡಮನುಷ್ಯರ ಬೆನ್ನುಗಳೆಲ್ಲ ನನ್ನ ಹತ್ತಿರ ಭದ್ರವಾಗಿವೆ.

ಕ್ಯಾಮೆರಾಮ್ಯಾನ್ ಬರಲಿಲ್ವಾ?

ಪೊಳ್ಳಾಚಿಯ ಹತ್ತಿರ, ತೆಂಗಿನ ತೋಟದವರ ಮದುವೆ. ಹೆಣ್ಣಿನ ತಂದೆ ನನ್ನನ್ನು ಕಂಡೊಡನೆ ಕೇಳಿದರು, "ಕ್ಯಾಮೆರಾಮ್ಯಾನ್ ಇನ್ನೂ ಬರಲಿಲ್ವಾ ಅಮ್ಮಣಿ?"

"ನಾನೇ ಅಣ್ಣಾ."

"ಹಾಂ, ಸಂತೋಷ. ಕಾಫಿ ಕುಡಿ," ಅಂದು ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. "ಮುಹೂರ್ತ ಹತ್ತಿರ ಬಂತು. ಅವನಿಗೆ ಫೋನ್ ಮಾಡಮ್ಮ."

"ಯಾರಿಗೆ?"

"ಕ್ಯಾಮೆರಾಮ್ಯಾನಿಗೆ."

ಹೆಗಲ ಮೇಲಿದ್ದ ಕ್ಯಾಮೆರಾವನ್ನೇ ತೋರಿಸಿದೆ. ತಲೆಯಾಡಿಸಿದರು. ಗಟ್ಟಿಮೇಳ ಶುರುವಾಯಿತು. ನಾನು ವೇದಿಕೆಯ ಮೇಲೆ ಒಳ್ಳೆಯ ಜಾಗ ಹಿಡಿದು, ಫೋಕಸ್ ಮಾಡಿ, ಉಸಿರು ಬಿಗಿಹಿಡಿದು ನಿಂತಿದ್ದೆ. ಅದೇ ಹೊತ್ತಿಗೆ ಅವರು ಮೆಲ್ಲಗೆ, ಬಹಳ ಮರ್ಯಾದೆಯಿಂದ, ನನ್ನ ತೋಳು ಹಿಡಿದು ಕೆಳಗಿಳಿಸಿದರು.

"ಇಲ್ಲಿ ನಿಲ್ಲಬೇಡ ಅಮ್ಮಣಿ. ಕ್ಯಾಮೆರಾಮ್ಯಾನ್ ಬಂದ್ರೆ ಅವನಿಗೆ ಅಡ್ಡ ಆಗ್ತದೆ."

ಮೇಲಿನ ಕಣ್ಣು

ಮುಂದಿನಿಂದ ಆಗುವುದಿಲ್ಲ, ಮೇಲಿನಿಂದ ನೋಡೋಣ ಅನ್ನಿಸಿತು. ಕಾರಮಡೈ ಹತ್ತಿರ, ಬಾಳೆತೋಟದ ಪಕ್ಕದ ಬಯಲಿನಲ್ಲಿ ಮದುವೆ, ವೇದಿಕೆಗೆ ಚಪ್ಪರವಿರಲಿಲ್ಲ. ಡ್ರೋನ್ ಹಾರಿಸುವವರೊಬ್ಬರನ್ನು ಗೊತ್ತುಮಾಡಿ, ನಾನು ಕೆಳಗೆ ಕ್ಯಾಮೆರಾ ಹಿಡಿದೆ.

ಗಟ್ಟಿಮೇಳವಾಯಿತು, ಡ್ರೋನ್ ಮೇಲೇರಿತು. ಯಾರೊಬ್ಬರೂ ನನಗೆ ಅಡ್ಡ ಬರಲಿಲ್ಲ. ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಆಮೇಲೆ ಗೊತ್ತಾಯಿತು, ಎಲ್ಲರೂ ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿದ್ದರು. ಓಲಗದವರು, ಪುರೋಹಿತರು, ಎಲ್ಲರೂ. ವರನೂ ನೋಡುತ್ತಿದ್ದ, ನೋಡುತ್ತಲೇ ಗಂಟು ಹಾಕುತ್ತಿದ್ದ.

"ಅಯ್ಯೋ, ಅದು ನನ್ನ ಜಡೆ!" ಅಂದಳು ವಧು.

ಮನೆಯಲ್ಲಿ ಅಮ್ಮ ಈ ವಿಡಿಯೊವನ್ನು ಗಂಭೀರವಾಗಿ ನೋಡಿದಳು. "ತಾಳಿ ಜಡೆಗೆ ಸೇರಿಕೊಂಡಿದೆ, ಇದು ಲೆಕ್ಕಕ್ಕಿಲ್ಲ," ಅಂದಳು. ಆಮೇಲೆ ಕೇಳಿದಳು, "ತಾಳಿ ಕಟ್ಟೋ ಮಾಪಿಳ್ಳೆ ಯಾಕೆ ಹಂಗೆ ಮೇಲೆ ನೋಡ್ತಾನೆ? ಒಣಗಾಕಿದ ಬಟ್ಟೆ ಏನಾದ್ರೂ ಮರೆತು ಬಂದಿದ್ನಾ?"

ಬೆಂಕಿಯಾದರೂ

ಮದುವೆಗಳ ಸಹವಾಸವೇ ಬೇಡವೆಂದು ಕುರಿಚಿಯ ಒಂದು ಫೌಂಡ್ರಿಯ ಪರಿಚಯ ವಿಡಿಯೊ ಒಪ್ಪಿಕೊಂಡೆ. ಕರಗಿದ ಕಬ್ಬಿಣ, ಹಾರುವ ಕಿಡಿ, ಬೆವರು. ಮನಸ್ಸಿನಲ್ಲೇ ಎಲ್ಲ ತೆಗೆದಾಗಿತ್ತು.

ಹೋಗಿ ನೋಡಿದರೆ ಕುಲುಮೆ ತಣ್ಣಗಿತ್ತು. ಅದಕ್ಕೆ ಚೆಂಡುಹೂವಿನ ಹಾರ. ಕೆಲಸಗಾರರೆಲ್ಲ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು, ವಿಭೂತಿ ಬಳಿದುಕೊಂಡು ಸಾಲಾಗಿ ನಿಂತಿದ್ದರು.

"ಕುಲುಮೆ ಉರೀತಾ ಇಲ್ವಲ್ಲ ಸಾರ್?"

ಮಾಲೀಕರು ಹೆಮ್ಮೆಯಿಂದ ಅಂದರು, "ವಿಡಿಯೊ ತೆಗೆಯೋಕೆ ಬರ್ತೀರ ಅಂತ ಆರಿಸಿ, ತೊಳೆಸಿದೀವಿ. ಹೊಗೆ, ಶಬ್ದ ಒಂದೂ ಇರಬಾರದು ಅಂತ ಹೇಳಿದೀನಿ."

ಮತ್ತೆ ಹೊತ್ತಿಸಿ ಎಂದು ಬೇಡಿಕೊಂಡೆ. ಹೊಸ ಪಂಚೆ ಮಸಿಯಾಗುತ್ತದೆ ಎಂದು ಯಾರೂ ಒಪ್ಪಲಿಲ್ಲ. ತೆಗೆದದ್ದನ್ನು ನೋಡಿದರೆ, ಕಾರ್ಖಾನೆ ಮುಚ್ಚಿಹೋಗಿ ಕೆಲಸಗಾರರೆಲ್ಲ ತಿಥಿಗೆ ಬಂದ ಹಾಗಿತ್ತು.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಅಲ್ಲಿ ತಾಳಿ ಇರಲ್ಲ ಬಿಡು. ಬೆಂಕಿಯಾದ್ರೂ ಕಾಣ್ತದಾ?"

ಒಬ್ಬನೇ ತಮ್ಮ

ಕಡೆಗೆ ನನ್ನ ತಮ್ಮನ ಮದುವೆ ಬಂತು. ತಿರುಪ್ಪೂರಿನಲ್ಲಿ ಮಂಟಪ. "ನಮ್ಮನೆ ಮದುವೇಲೂ ಕಾಣದಿದ್ರೆ ಇನ್ನೆಲ್ಲಿ ಕಾಣ್ತದೆ? ಇದೇ ಕಡೇ ಸಲ," ಅಂದಳು ಅಮ್ಮ. ಬನಿಯನ್ ಕಂಪನಿಯ ಮ್ಯಾನೇಜರನ್ನೂ ಮದುವೆಗೆ ಕರೆದಿದ್ದಳು.

ಇಷ್ಟು ವರ್ಷದ ಅನುಭವದಿಂದ ನಾನು ಒಂದು ಸತ್ಯ ಕಂಡುಕೊಂಡಿದ್ದೆ. ಜನ ನುಗ್ಗುವುದು ಮುಂದಿನಿಂದ, ಗಂಟು ಬೀಳುವುದು ಹಿಂದೆ, ಹೆಣ್ಣಿನ ಕತ್ತಿನ ಮೇಲೆ. ಆದ್ದರಿಂದ ಟ್ರೈಪಾಡನ್ನು ಹೆಣ್ಣಿನ ಹಿಂದೆ ನಿಲ್ಲಿಸಿದೆ. ಹಿಂದೆ ನಿಂತಿದ್ದ ಅತ್ತೆ, ಮಾವಂದಿರನ್ನೆಲ್ಲ ಬೈದು ಮುಂದಕ್ಕೆ ಓಡಿಸಿದೆ.

ಒಬ್ಬರನ್ನು ಮಾತ್ರ ಓಡಿಸುವಂತಿರಲಿಲ್ಲ. ನಮ್ಮ ಕಡೆ ಗಂಡು ಒಂದು ಗಂಟು ಹಾಕಿದ ಮೇಲೆ ಉಳಿದ ಎರಡನ್ನು ಅವನ ಅಕ್ಕನೋ ತಂಗಿಯೋ ಹಿಂದೆ ನಿಂತು ಹಾಕಬೇಕು. ನಾನು ಕ್ಯಾಮೆರಾ ಬಿಡುವ ಹಾಗಿಲ್ಲವಲ್ಲ, ಆ ಕೆಲಸಕ್ಕೆ ಚಿಕ್ಕಪ್ಪನ ಮಗಳನ್ನು ಗೊತ್ತುಮಾಡಿದೆ. ಮನೆಯಲ್ಲಿ ತಲೆದಿಂಬಿಗೆ ದಾರ ಕಟ್ಟಿಸಿ ಅಭ್ಯಾಸ ಮಾಡಿಸಿದೆ. "ಪಕ್ಕದಲ್ಲಿ ನಿಲ್ಲಬೇಕು. ಕೈ ಮಾತ್ರ ಚಾಚಬೇಕು. ಬಗ್ಗಿದ್ರೆ ನೋಡು!"

ಗಟ್ಟಿಮೇಳವಾಯಿತು. ತಮ್ಮ ಮೊದಲ ಗಂಟು ಹಾಕಿದ. ಕ್ಯಾಮೆರಾದಲ್ಲಿ ಬಂಗಾರದಂತೆ ಕಾಣುತ್ತಿತ್ತು. ಚಿಕ್ಕಪ್ಪನ ಮಗಳು ಮುಂದೆ ಬಂದಳು. ಪುರೋಹಿತರು ತಡೆದರು.

"ಒಡಹುಟ್ಟಿದ ಅಕ್ಕ ಇಲ್ಲೇ ನಿಂತಿರುವಾಗ ಬೇರೆ ಕೈ ಯಾಕೆ? ನೀ ಬಾಮ್ಮ."

"ನಾನು ಕೆಲಸದಲ್ಲಿದೀನಿ ಸ್ವಾಮಿ."

"ಅಕ್ಕಾ, ದಾರ ಜಾರ್ತಾ ಇದೆ, ಬೇಗ ಬಾ!" ಅಂದ ತಮ್ಮ.

"ಹೋಗೇ! ಇರೋದು ಒಬ್ಬನೇ ತಮ್ಮ!" ಅಂದಳು ಅಮ್ಮ.

ಕ್ಯಾಮೆರಾ ಓಡುತ್ತಲೇ ಇತ್ತು. ಹೋದೆ. ಎರಡು ಗಂಟು ಹಾಕಿದೆ. ಕಣ್ಣು ತುಂಬಿಬಂತು. ತಮ್ಮನ ಮದುವೆ ಅನ್ನುವುದಕ್ಕೆ ಅರ್ಧ, ಲೆನ್ಸಿನ ಮುಂದೆ ಒಂದು ನರಪಿಳ್ಳೆಯೂ ಇಲ್ಲವಲ್ಲ ಅನ್ನುವುದಕ್ಕೆ ಅರ್ಧ.

ಮಾರನೆಯ ದಿನ ಎಲ್ಲರೂ ಟಿವಿಯ ಮುಂದೆ ಕೂತರು. ಮೊದಲ ಗಂಟು ಕಂಡಿತು. ಅಮ್ಮ ಮುಂದಕ್ಕೆ ಜರುಗಿ ಕೂತಳು. ಆಮೇಲೆ ಪರದೆಯ ಈ ತುದಿಯಿಂದ ಆ ತುದಿಯವರೆಗೂ ಹಸಿರು ರೇಷ್ಮೆ. ನಡುವೆ ನನ್ನ ರವಿಕೆಯ ದಾರ, ಅದರ ಕುಚ್ಚು. ಹಿಂದಿನಿಂದ ಚಿಕ್ಕಪ್ಪನ ಮಗಳ ಕೂಗು: "ಅಕ್ಕಾ, ಪಕ್ಕಕ್ಕೆ! ಬಗ್ಗಬೇಡ!" ಅದಕ್ಕೆ ನನ್ನದೇ ಗುಡುಗು: "ಬಾಯ್ಮುಚ್ಚೇ! ಯಾರೂ ಅಡ್ಡ ಬರಬೇಡಿ!"

ಅಮ್ಮ ಎದ್ದು ಟಿವಿಯ ಹತ್ತಿರ ಹೋದಳು. ನನ್ನ ಬೆನ್ನಿನ ಆಚೆ ಏನಾದರೂ ಕಂಡೀತೇ ಎಂದು ಟಿವಿಯ ಪಕ್ಕದಿಂದ ಬಗ್ಗಿ ಇಣುಕಿದಳು. ಆಮೇಲೆ ಪರದೆಯ ಮೇಲಿನ ಹಸಿರು ಸೀರೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ ಹೇಳಿದಳು:

"ಸ್ವಲ್ಪ ಸರಿದು ನಿಲ್ಲಮ್ಮ. ನನ್ನ ಮಗಳು ವಿಡಿಯೊ ತೆಗೀತಿದಾಳೆ."