ಮೋಟಾರಿನ ಹಣೆ

ಇಡೀ ಲಂಡನ್ನಿನಲ್ಲಿ ನೀರಿಗೆ ಹೆದರದ ಗಂಡಸು ತಾವೊಬ್ಬರೇ ಎಂದು ನಮ್ಮ ಮಾಮ, ಅಂದರೆ ನನ್ನ ತಾಯಿಯ ಅಣ್ಣ, ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಈಜು ಬರುತ್ತದೆಯೇ ಎಂದು ಮಾತ್ರ ಕೇಳಬಾರದು! ವಿಜಯಪುರದ ಬಿಸಿಲಲ್ಲಿ ಬೆಳೆದ ಮನುಷ್ಯ. ಬಾವಿಗೆ ಕೊಡ ಇಳಿಸಿದ್ದಷ್ಟೇ ಅವರ ಜಲಯಾನದ ಅನುಭವ. ಅಂಥವರು ನಿವೃತ್ತರಾದ ಮೇಲೆ ಭಜನೆಯನ್ನೋ ಗುಲಾಬಿ ಗಿಡವನ್ನೋ ಹಿಡಿಯುವುದು ಬಿಟ್ಟು, ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೆಯ ಮೋಟಾರೊಂದನ್ನು ಕೊಂಡರು. ಜೊತೆಗೆ ಗಾಳಿ ತುಂಬುವ ರಬ್ಬರ್ ದೋಣಿ.

ಮಾಮನ ತಲೆಗೂದಲು ಬೆಳ್ಳಗಾದದ್ದು ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ಮಾಡುತ್ತಲೇ. ತಮ್ಮ ಮುಂದೆ ಯಾವ ಯಂತ್ರವೂ ಬಾಲ ಬಿಚ್ಚಿಲ್ಲ ಎಂಬುದು ಅವರ ಜಂಬ. ಈ ಮೋಟಾರೂ ಅದನ್ನು ಮಾರಿದ ಇಂಗ್ಲಿಷ್ ಅಜ್ಜನ ಹಿತ್ತಲಲ್ಲಿ, ನೀರು ತುಂಬಿದ ಡ್ರಮ್ಮಿನೊಳಗೆ, ಹಗ್ಗ ಎಳೆದೊಡನೆ ಗುರ್ ಎಂದು ಎದ್ದು, ನಿಲ್ಲಿಸುವವರೆಗೂ ಓಡಿತ್ತು. ನಾನೇ ಸಾಕ್ಷಿ.

ಕ್ವೀನ್ಸ್‌ಬರಿಯ ಮಾಮನ ಮನೆಗೆ ಮೋಟಾರ್ ಬಂದದ್ದೇ ತಡ, ಪೂಜೆ. ಹೊಸ ಕಾರಿರಲಿ, ಹಳೆಯ ಮಿಕ್ಸಿಯಿರಲಿ, ಗಂಧ ಕುಂಕುಮ ಬೀಳದೆ ಆ ಮನೆಯಲ್ಲಿ ಏನೂ ತಿರುಗುವುದಿಲ್ಲ. ಕಾರಿಗಾದರೆ ಬಾನೆಟ್ ಇದೆ. ಇದಕ್ಕೆ ಹಣೆ ಯಾವುದು? ಮಾಮ ಮೋಟಾರಿಗೆ ಪ್ರದಕ್ಷಿಣೆ ಹಾಕಿ, ನೆತ್ತಿಯಲ್ಲಿ ದುಂಡಗಿದ್ದ ಪೆಟ್ರೋಲ್ ಟ್ಯಾಂಕಿನ ಮುಚ್ಚಳವೇ ಹಣೆ ಎಂದು ತೀರ್ಪು ಕೊಟ್ಟರು. ಅದರ ನಟ್ಟನಡುವೆ ದಪ್ಪಗೆ ಗಂಧ, ಮೇಲೆ ಕುಂಕುಮ. ಒಂದು ತೆಂಗಿನಕಾಯಿಯೂ ಒಡೆಯಿತು.

ಅಂದಿನಿಂದ ಶುರುವಾಯಿತು ಕಾಯಿಲೆ! ನೀರಿಲ್ಲದೆ ಓಡಿಸಿದರೆ ಮೋಟಾರ್ ಸುಟ್ಟುಹೋಗುತ್ತದೆಂದು ಮಾಮ ಕೌನ್ಸಿಲ್ ಕೊಟ್ಟ ಕಸದ ಬಿನ್ನಿಗೆ ನೀರು ತುಂಬಿ ಅದರಲ್ಲಿ ಇಳಿಬಿಟ್ಟರು. ಮೋಟಾರ್ ಸ್ವಲ್ಪ ಹೊತ್ತು ಚೆನ್ನಾಗಿ ಓಡುವುದು, ಆಮೇಲೆ ಕೆಮ್ಮುವುದು, ಮುಗ್ಗರಿಸುವುದು, ಆರುವುದು. ಅರ್ಧ ಗಂಟೆ ಬಿಟ್ಟು ಎಳೆದರೆ ಮತ್ತೆ ಅದೇ ಕಥೆ. ಕಸ ಒಯ್ಯಲು ಬಂದವರು ಆ ಬಿನ್ನನ್ನು ಎಳೆಯಲಾಗದೆ, ಮುಚ್ಚಳ ತೆಗೆದು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು.

ಮಾಮ ಸ್ಪಾರ್ಕ್ ಪ್ಲಗ್ ಬದಲಿಸಿದರು. ಪೆಟ್ರೋಲ್ ಬದಲಿಸಿದರು. ಕಾರ್ಬ್ಯುರೇಟರನ್ನು ಊಟದ ಮೇಜಿನ ಮೇಲೆ ಬಿಚ್ಚಿ ಹರವಿದರು. ಅದರ ಪುಟ್ಟ ಸ್ಕ್ರೂವೊಂದು ನನ್ನ ಚಟ್ನಿಪುಡಿಯಲ್ಲಿ ಸಿಕ್ಕಿತು. ವಾಟ್ಸ್ಯಾಪಿನಲ್ಲಿ ಊರಿನ ನೆಂಟರು ದೃಷ್ಟಿ ತೆಗೆಯಲು ಹೇಳಿದರು. ಪ್ರತಿ ರಿಪೇರಿ ಮುಗಿದಾಗಲೂ ಮಾಮ ತಪ್ಪದೆ ಅದೇ ಹಣೆಗೆ ಹೊಸ ಗಂಧ ಹಚ್ಚುತ್ತಿದ್ದರು. ಮೋಟಾರೂ ತಪ್ಪದೆ ಆರುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅತ್ತೆಯ ಅರವತ್ತನೆಯ ಹುಟ್ಟುಹಬ್ಬದ ಭಾನುವಾರ ಅವರನ್ನು ಥೇಮ್ಸ್ ನದಿಯಲ್ಲಿ ಕೂರಿಸಿಕೊಂಡು ಹೋಗುವುದಾಗಿ ಮಾಮ ಬಳಗಕ್ಕೆಲ್ಲ ಸಾರಿಬಿಟ್ಟಿದ್ದರು. ಅತ್ತೆ ಬೇಕು ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಂದು ಮೋಟಾರ್ ಓಡದಿದ್ದರೆ ಸೋಮವಾರ ಅದನ್ನು ಗುಜರಿಗೆ ಸಾಗಿಸುವುದಾಗಿ ಮಾತ್ರ ಹೇಳಿದರು. ಮಾಮ ಊಟ ಕಡಿಮೆ ಮಾಡಿದರು. ಜಂಬದ ಮಾತೂ ನಿಂತಿತು. ನನಗೆ ಹೆದರಿಕೆಯಾದದ್ದು ಆಗಲೇ.

ಭಾನುವಾರ ಕಿಂಗ್‌ಸ್ಟನ್ ಬಳಿ ದೋಣಿಗೆ ಗಾಳಿ ತುಂಬಿ ನೀರಿಗಿಳಿಸಿದೆವು. ಇಳಕಲ್ ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟ ಅತ್ತೆ ನಡುವೆ ಕೂತರು. ಮಾಮ ಹಗ್ಗ ಎಳೆದರು. ಗುರ್! ದಡದಿಂದ ನಾಲ್ಕು ಮಾರು ಹೋದೆವೋ ಇಲ್ಲವೋ, ಕೆಮ್ಮು, ಮುಗ್ಗರಿಕೆ, ಮೌನ. ಹಂಸವೊಂದು ನಮ್ಮನ್ನು ಓರೆಗಣ್ಣಿಂದ ನೋಡುತ್ತ ಮುಂದೆ ಹೋಯಿತು. ನಾನು ಹುಟ್ಟು ಹಾಕಿ ದೋಣಿಯನ್ನು ದಡಕ್ಕೆ ತಂದೆ.

ಮಾಮ ಕೊನೆಯ ಅಸ್ತ್ರವಾಗಿ ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದರು. ಅತ್ತೆ ಕೈ ಅಡ್ಡ ಹಿಡಿದರು.

"ಹಳೇದರ ಮ್ಯಾಲೆ ಹೊಸಾದು ಹಚ್ಚಬಾರದ್ರೀ. ಮೊದಲ ಇದನ್ನ ತಗೀಬೇಕು."

ಬಳೆಯಲ್ಲಿ ನೇತುಹಾಕಿಕೊಂಡಿದ್ದ ಸೇಫ್ಟಿ ಪಿನ್ ಬಿಚ್ಚಿ, ಕಲ್ಲಿನಂತೆ ಗಟ್ಟಿಯಾಗಿದ್ದ ಗಂಧವನ್ನು ಕೆರೆದರು. ಪಿನ್ನಿನ ತುದಿ ಒಂದು ಕಡೆ ಚುಚ್ಚಿ ಒಳಗಿಳಿಯಿತು. ಸ್ಸ್ಸ್ ಎಂದು ಟ್ಯಾಂಕ್ ಉಸಿರೆಳೆದುಕೊಂಡಿತು!

ಮಾಮನ ಕಣ್ಣು ಅಗಲವಾದವು. ಮುಚ್ಚಳದ ನಡುವೆ ಇದ್ದದ್ದು ಗಾಳಿ ಹೋಗುವ ತೂತು. ಎಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಬೀಳದೆ ನಿಲ್ಲುವುದಿಲ್ಲವೇ? ಹಾಗೆಯೇ ಗಾಳಿ ಒಳಬರದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ. ಇಷ್ಟು ದಿನವೂ ಮಾಮ ಭಕ್ತಿಯಿಂದ ಮೋಟಾರಿನ ಮೂಗು ಮುಚ್ಚಿದ್ದರು!

"ಮಷೀನ್ ತಪ್ಪಿಲ್ಲ ಅಂತ ನಾ ಮೊದಲಽ ಹೇಳಿದ್ನಿ," ಎಂದರು ಮಾಮ. ಎಂದೂ ಹೇಳಿರಲಿಲ್ಲ.

ಆಮೇಲೆ ಆದದ್ದು ವಿಜಯಯಾತ್ರೆ. ಮೋಟಾರ್ ಒಮ್ಮೆಯೂ ಕೆಮ್ಮಲಿಲ್ಲ. ಮಾಮ ಎದೆ ಉಬ್ಬಿಸಿ, ದಡದ ಪಬ್ಬಿನಲ್ಲಿ ಬಿಯರ್ ಹಿಡಿದು ಕೂತವರಿಗೆಲ್ಲ ಕೈ ಬೀಸುತ್ತ ಸಾಗಿದರು. ಅವರೂ ಲೋಟ ಎತ್ತಿ ತೋರಿಸಿದರು. ಅದೇ ಹಂಸವನ್ನು ನಾವು ಹಿಂದೆ ಹಾಕಿದೆವು. ನನಗೂ ಕೂಗಬೇಕೆನಿಸಿ ಕೂಗಿಯೇಬಿಟ್ಟೆ.

ಮರಗಳು ನೀರಿನವರೆಗೆ ಬಾಗಿದ್ದ ಒಂದು ತಿರುವಿನಲ್ಲಿ ನೋಡಿದರೆ, ಅತ್ತೆ ಒಂದು ಕೈಯನ್ನು ನೀರಿಗೆ ಇಳಿಬಿಟ್ಟಿದ್ದರು. ಬಳೆಗಳ ಮೇಲೆ ಹೊಳೆ ಹರಿಯುತ್ತಿತ್ತು.

"ಹರಗೋಲಿನ್ಯಾಗ ಸಾಲಿಗೆ ಹೋಗುವಾಗ ಹಿಂಗಽ ಕೈ ಬಿಡ್ತಿದ್ನಿ," ಎಂದರು ಮೆಲ್ಲಗೆ. "ನಮ್ಮಪ್ಪ ಬೈತಿದ್ದ."

ಅತ್ತೆಯ ತವರು ಕೃಷ್ಣೆಯ ದಂಡೆಯ ಹಳ್ಳಿ. ಅಣೆಕಟ್ಟಿನ ಹಿನ್ನೀರಿನಲ್ಲಿ ಆ ಮನೆ, ಶಾಲೆ, ಹರಗೋಲು ಕಟ್ಟುತ್ತಿದ್ದ ಕಟ್ಟೆ ಎಲ್ಲ ಮುಳುಗಿಹೋಗಿವೆ. ಇದನ್ನು ನನಗೆ ಹೇಳಿದ್ದು ಅಮ್ಮ; ಅತ್ತೆಯ ಬಾಯಿಂದ ಊರಿನ ಮಾತು ಕೇಳಿದ್ದು ನಾನು ಅದೇ ಮೊದಲು.

ಆಗ ಮಾಮ ಕೈ ಚಾಚಿ ಮೋಟಾರನ್ನು ತಾವಾಗಿಯೇ ಆರಿಸಿದರು. ದೋಣಿ ನಿಧಾನಕ್ಕೆ ತಿರುಗುತ್ತ ತೇಲತೊಡಗಿತು.

"ಯಾಕ್ರೀ, ಮತ್ತ ಕೆಟ್ಟತೇನು?" ಎಂದರು ಅತ್ತೆ.

"ಇಲ್ಲ," ಎಂದರು ಮಾಮ. "ನಿಮ್ಮೂರ ಹರಗೋಲಿಗೆ ಮೋಟಾರ್ ಎಲ್ಲಿತ್ತು?"

ಅತ್ತೆ ನೀರಿನಿಂದ ಕೈ ತೆಗೆಯಲಿಲ್ಲ.